ಸಂಘದ ಕಂಪ್ಯೂಟರ್‌ನಿಂದ ಫೋನ್ ಕರೆ



ಸಂಜೆ ಹಾಲು ಹಾಕಲು ಸಂಘಕ್ಕೆ ಬಂದಿದ್ದೀರಿ. ಮಗ ಓಡಿಬಂದು, "ಅಮ್ಮಾ, ಹಸುವಿನ ಹೊಟ್ಟೆ ಉಬ್ಬಿದೆ" ಎನ್ನುತ್ತಾನೆ. ಮೊಬೈಲ್‌ಗೆ ಸಿಗ್ನಲ್ ಇಲ್ಲ. ವೈದ್ಯರ ನಂಬರ್ ಕಾರ್ಯದರ್ಶಿಯವರ ಡೈರಿಯಲ್ಲಿದೆ, ಅವರು ಬಂಗಾರಪೇಟೆಗೆ ಹೋಗಿದ್ದಾರೆ. ಸಂಘದಲ್ಲಿ ಲ್ಯಾಂಡ್‌ಲೈನ್ ಫೋನೂ ಮೋಡೆಮ್ ಇರುವ ಕಂಪ್ಯೂಟರೂ ಇದ್ದರೆ, ಒಂದು ಗುಂಡಿ ಒತ್ತಿ ಯಾರು ಬೇಕಾದರೂ ವೈದ್ಯರಿಗೆ ಕರೆ ಮಾಡುವಂತೆ ಮೊದಲೇ ಸಿದ್ಧ ಮಾಡಿಡಬಹುದು.

ಮೋಡೆಮ್ ಎಂದರೇನು?

ಕಂಪ್ಯೂಟರಿನ ಅಂಕಿಗಳನ್ನು ಫೋನ್ ತಂತಿಯಲ್ಲಿ ಸಾಗುವ ದನಿಯಾಗಿ, ಬಂದ ದನಿಯನ್ನು ಮತ್ತೆ ಅಂಕಿಯಾಗಿ ಬದಲಿಸುವ ಸಾಧನವೇ ಮೋಡೆಮ್. ಫೋನಿನ ಗುಂಡಿ ಒತ್ತಿದಾಗ ಕೇಳುವ ಸ್ವರಗಳನ್ನು ಇದೂ ಹೊರಡಿಸುತ್ತದೆ. ಆದ್ದರಿಂದ ನಂಬರನ್ನು ಅದೇ ಒತ್ತುತ್ತದೆ. ಮಾತಾಡುವುದು ಮಾತ್ರ ನೀವು, ಫೋನಿನ ರಿಸೀವರ್‌ನಲ್ಲೇ.

ಜೋಡಿಸುವುದು

ಹಳೆಯ ಕಂಪ್ಯೂಟರಿನ ಹಿಂದೆ ಅಕ್ಕಪಕ್ಕ ಎರಡು ಚಿಕ್ಕ ಸಾಕೆಟ್‌ಗಳಿರುತ್ತವೆ. "ಲೈನ್" ಎಂದಿರುವುದಕ್ಕೆ ಗೋಡೆಯಿಂದ ಬರುವ ತಂತಿ, "ಫೋನ್" ಎಂದಿರುವುದಕ್ಕೆ ಫೋನಿನ ತಂತಿ. ಸ್ವಲ್ಪ ಅಗಲವಾದ ಇನ್ನೊಂದು ಸಾಕೆಟ್ ಇಂಟರ್‌ನೆಟ್ಟಿನದು. ಅದಕ್ಕೆ ಫೋನ್ ತಂತಿ ಹಾಕಬೇಡಿ, ರಿಂಗ್ ಆದಾಗ ಬರುವ ವಿದ್ಯುತ್ತಿಗೆ ಅದು ಕೆಡಬಹುದು. ಹೊಸ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಮೋಡೆಮ್ ಇರುವುದಿಲ್ಲ; ಯುಎಸ್‌ಬಿ ಮೋಡೆಮ್ ಬೇರೆ ತರಬೇಕು.

ಕರೆ ಮಾಡುವುದು

1. ವಿಂಡೋಸ್ ಗುಂಡಿ ಹಿಡಿದು "ಆರ್" ಒತ್ತಿ. ಬರುವ ಚೌಕದಲ್ಲಿ "ಡಯಲರ್" ಎಂದು ಇಂಗ್ಲಿಷ್‌ನಲ್ಲಿ ಬರೆದು ಎಂಟರ್ ಒತ್ತಿ.
2. ಅಲ್ಲಿ ಎಂಟು ಗುಂಡಿಗಳಿರುತ್ತವೆ. ಒಂದೊಂದಕ್ಕೆ ಹೆಸರು, ನಂಬರ್ ತುಂಬಿ: ಪಶು ಸಹಾಯವಾಣಿ 1962, ಪಶುವೈದ್ಯರು, ಒಕ್ಕೂಟದ ಶಿಬಿರ ಕಚೇರಿ, ಕಾರ್ಯದರ್ಶಿ. ಫೋನಿನಲ್ಲಿ ಒತ್ತುವಂತೆಯೇ ಬರೀ ಅಂಕಿಗಳನ್ನು ಬರೆಯಿರಿ.
3. ಬೇಕಾದ ಗುಂಡಿ ಒತ್ತಿ. ಕಂಪ್ಯೂಟರ್ ಹೇಳಿದಾಗ ಮೊದಲು ರಿಸೀವರ್ ಎತ್ತಿ, ಆಮೇಲೆ "ಟಾಕ್" ಒತ್ತಿ. ರಿಸೀವರ್ ಎತ್ತದೆ ಒತ್ತಿದರೆ ಕರೆ ಕಡಿದುಹೋಗುತ್ತದೆ.

ಬಂಗಾರಪೇಟೆಗೂ ಕೆಜಿಎಫ್‌ಗೂ ಕೋಡ್ ಒಂದೇ, 08153. ಆದ್ದರಿಂದ ಇವೆರಡರ ನಡುವೆ ಕೋಡ್ ಬೇಡ. ಕೋಲಾರಕ್ಕೆ 08152 ಸೇರಿಸಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವ ಮೊಬೈಲ್‌ಗಾದರೂ ಮುಂದೆ 0 ಹಾಕಲೇಬೇಕು. 1962ಕ್ಕೆ ಏನೂ ಸೇರಿಸಬೇಡಿ.

"ಡಯಲ್ ಟೋನ್ ಇಲ್ಲ" ಎಂದು ಬಂದರೆ, ಫೋನ್ ಎತ್ತಿ ಕೇಳಿ. ದನಿ ಇದ್ದರೆ ಮೋಡೆಮ್ ಅದನ್ನು ಗುರುತಿಸಿಲ್ಲ ಎಂದರ್ಥ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್‌ನ ವಿವರ ತೆರೆದು, ಡಯಲ್ ಟೋನ್‌ಗೆ ಕಾಯುವ ಗುರುತನ್ನು ತೆಗೆಸಿ.

ಎಚ್ಚರಿಕೆ

ಕರೆಂಟ್ ಹೋದರೆ ಡಯಲರ್ ನಡೆಯದು. ತಾಮ್ರದ ತಂತಿಯ ಲೈನ್ ಆದರೆ ಫೋನನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಸಾಧಾರಣ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ಫೈಬರ್ ಲೈನ್ ಆದರೆ ಅದರ ಪೆಟ್ಟಿಗೆಗೆ ಯುಪಿಎಸ್ ಬೇಕು. ಅದಕ್ಕೇ ನಂಬರ್‌ಗಳನ್ನು ದೊಡ್ಡದಾಗಿ ಬರೆದು ಗೋಡೆಗೂ ಅಂಟಿಸಿ. ಗುಡುಗು ಮಿಂಚು ಬರುವ ಮುನ್ನವೇ ಗೋಡೆಯ ಸಾಕೆಟ್‌ನಿಂದ ತಂತಿ ಕಿತ್ತಿಡಿ. ಮೋಡೆಮ್ ಸುಟ್ಟುಹೋಗುವುದು ಹೆಚ್ಚಾಗಿ ಸಿಡಿಲಿನಿಂದಲೇ.

ಏನು ಹೇಳಬೇಕು?

ಊರು, ನಿಮ್ಮ ಹೆಸರು, ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಯಾವಾಗಿನಿಂದ ತೊಂದರೆ, ಮೇವು ತಿಂದಿದೆಯೇ, ಮೆಲುಕು ಹಾಕುತ್ತಿದೆಯೇ. ಹೆರಿಗೆಯಾದರೆ, ನೀರಿನ ಚೀಲ ಒಡೆದು ಎಷ್ಟು ಹೊತ್ತಾಯಿತು ಎಂಬುದನ್ನು ತಪ್ಪದೆ ಹೇಳಿ.

ಈ ವಾರ ಮಾಡಿ

ಹಾಲು ಹಾಕಿದ ಮೇಲೆ ಹತ್ತು ನಿಮಿಷ ಉಳಿದು, ಕಾರ್ಯದರ್ಶಿಯವರ ಮುಂದೆ ಒಬ್ಬೊಬ್ಬರೂ ಒಂದೊಂದು ಸಲ ಕರೆ ಮಾಡಿ ನೋಡಿ. ಮೊದಲ ಕರೆ ಅವರ ಮೊಬೈಲ್‌ಗೇ ಇರಲಿ. ಹಸು ನರಳುವಾಗ ಕಲಿಯಲು ಸಮಯ ಸಿಗುವುದಿಲ್ಲ.