ಅಪ್ಪನನ್ನು ನವೆಂಬರಿನಲ್ಲಿ ದೆಹಲಿಗೆ ಕರೆಸಬೇಡ

ತಮ್ಮಾ,

ದೀಪಾವಳಿ ಮುಗಿದ ಮೇಲೆ ಅಪ್ಪ ಅಮ್ಮನನ್ನು ಊರಿಂದ ಕರೆಸಿ ಕೆಂಪುಕೋಟೆ, ಆಗ್ರಾ ತೋರಿಸುತ್ತೀಯಂತೆ. ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ ಎಂದೂ ಕೇಳಿದೆ. ಹಾಗಿದ್ದರೆ ಹೊಗೆ ಕವಿಯುವ ನವೆಂಬರ್ ಬೇಡ, ಟಿಕೆಟನ್ನು ಫೆಬ್ರವರಿ ಕೊನೆಗೆ ತಳ್ಳು. ದೆಹಲಿಗೆ ಬಂದ ಕನ್ನಡದ ಹುಡುಗರೆಲ್ಲ ಇದೇ ಹೊತ್ತಿಗೆ ಹೆತ್ತವರನ್ನು ಕರೆಸುವುದರಿಂದ ನಿನಗೆ ಹೇಳುವುದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೇ ಬರೆದಿದ್ದೇನೆ.

ಈ ಹೊಗೆ ಕುಡಿದರೆ ಶ್ವಾಸಕೋಶ ಕೆಡಲು ವರ್ಷಗಳು ಬೇಕು, ಹದಿನೈದು ದಿನಕ್ಕೆ ಏನಾದೀತು ಅನ್ನುತ್ತೀಯೆ. ಹೃದಯದ ಲೆಕ್ಕ ಬೇರೆ. ಅಮೆರಿಕದ ಬಾಸ್ಟನ್‌ನಲ್ಲಿ ಹೃದಯಾಘಾತವಾದ 772 ಜನರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಸೂಕ್ಷ್ಮ ಕಣ ಏರಿದ ಎರಡೇ ಗಂಟೆಯೊಳಗೆ ಅಪಾಯ ಹೆಚ್ಚಿತ್ತು, ಮರುದಿನವೂ ಹೆಚ್ಚಿತ್ತು. 2004ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಅಧ್ಯಯನ, ಟ್ರಾಫಿಕ್‌ನಲ್ಲಿದ್ದ ಒಂದು ಗಂಟೆಯೊಳಗೆ ಅಪಾಯ ಸುಮಾರು ಮೂರು ಪಟ್ಟು ಎಂದಿತು. ಟ್ರಾಫಿಕ್‌ನಲ್ಲಿ ಗದ್ದಲ, ಸಿಡಿಮಿಡಿಯೂ ಇರುತ್ತದಲ್ಲ ಅನ್ನು, ಒಪ್ಪುತ್ತೇನೆ. ಆದರೆ ಸ್ವೀಡನ್ನಿನಲ್ಲಿ, ಹಿಂದೊಮ್ಮೆ ಹೃದಯಾಘಾತವಾಗಿದ್ದ 20 ಗಂಡಸರಿಗೆ ತೆಳುಮಾಡಿದ ಡೀಸೆಲ್ ಹೊಗೆಯಲ್ಲಿ ಸೈಕಲ್ ತುಳಿಸಿ ನೋಡಿದ್ದಾರೆ. ಶುದ್ಧ ಗಾಳಿಯಲ್ಲಿ ತುಳಿದಾಗಿನದಕ್ಕಿಂತ ಹೆಚ್ಚಾಗಿ ಹೃದಯಕ್ಕೆ ರಕ್ತ ಸಾಲದಿರುವುದು ಇಸಿಜಿಯಲ್ಲೇ ಕಂಡಿತು. ಆ ಕಣಗಳು ಒಳಹೊಕ್ಕರೆ ರಕ್ತನಾಳ ಬಿಗಿಯುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೊದಲೇ ಕೊಬ್ಬು ಕಟ್ಟಿದ ನಾಳಕ್ಕೆ ಅಷ್ಟು ಸಾಕು.

ಗಾಬರಿಯಾಗಬೇಡ. ಒಬ್ಬ ಮನುಷ್ಯನಿಗೆ ಒಂದು ದಿನ ಹೆಚ್ಚುವ ಅಪಾಯ ಸಣ್ಣದೇ. ಆದರೆ ಈ ಸೂಕ್ಷ್ಮ ಕಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹಾಕಿದ ಮಿತಿ ಘನಮೀಟರಿಗೆ 15 ಮೈಕ್ರೋಗ್ರಾಂ, ನಮ್ಮ ಸರ್ಕಾರದ್ದು 60. ನವೆಂಬರಿನ ದೆಹಲಿಯಲ್ಲಿ ಅದು ನೂರುಗಳಲ್ಲಿರುತ್ತದೆ.

ನನಗೆ ಎಲ್ಲಕ್ಕಿಂತ ಭಯ ಅಪ್ಪನ ವಾಕಿಂಗಿನದು. ಊರಲ್ಲಿ ನಸುಕಿಗೇ ಎದ್ದು ಹೊರಡುವವರು, ಬೆಳಗಿನ ಗಾಳಿ ಶುದ್ಧ ಎಂದು ನಂಬಿದವರು. ದೆಹಲಿಯ ಲೋಧಿ ಗಾರ್ಡನ್ ಕಂಡರೆ ಬಿಟ್ಟಾರೆಯೇ? ಇಲ್ಲಿನ ಚಳಿಗಾಲದಲ್ಲಿ ಆ ನಂಬಿಕೆ ತಲೆಕೆಳಗು. ನೆಲಮಟ್ಟದ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ, ರಾತ್ರಿಯ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ಚಳಿಯೂ ನಾಳ ಬಿಗಿಯುತ್ತದೆ, ಬಿರುಸಿನ ನಡಿಗೆಯಲ್ಲಿ ಉಸಿರೂ ಹೆಚ್ಚು ಬೇಕು. ಬಿಸಿಲೇರಿದ ಮೇಲೆ, ಮಧ್ಯಾಹ್ನ ನಡೆಯಲಿ.

ಬರಲೇಬೇಕಾದರೆ ಫೋನಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ತೋರಿಸುವ ‘ಸಮೀರ್’ ಆಪ್ ನೋಡಿಕೊ. ಸೂಚ್ಯಂಕ 300 ದಾಟಿದ ದಿನ ಮನೆಯಲ್ಲೇ ಇರಲಿ. ಹೊರಗೆ ಹೋದರೆ ಎನ್95 ಮಾಸ್ಕ್ ಹಾಕಿಸು, ಕರ್ಚೀಫಿನಿಂದ ಏನೂ ಆಗದು. ಆಟೋಗಿಂತ ಮೆಟ್ರೊ ವಾಸಿ. ಅಮ್ಮನಿಗೆ ಬೇಸರವಾದರೂ ಸರಿ, ಬಾಗಿಲು ಮುಚ್ಚಿದ ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಬೇಡ. ಮಾತ್ರೆ ಒಂದು ಹೊತ್ತೂ ತಪ್ಪಬಾರದು.

ಎದೆ ಹಿಡಿದುಕೊಂಡು, ತೋಳಿಗೋ ದವಡೆಗೋ ನೋವು ಹರಿದು, ಬೆವರು ಬಂದರೆ ‘ಗ್ಯಾಸ್ ಇರಬೇಕು’ ಎಂದು ಅಪ್ಪ ಹೇಳೇ ಹೇಳುತ್ತಾರೆ. ಅದನ್ನು ನಂಬಿ ಸೋಡಾ ತರಲು ಓಡಬೇಡ, 112ಕ್ಕೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪನ ವಯಸ್ಸಿನವನು