ಮೀನಿಗೂ ರಾತ್ರಿ ಬೇಕು: ಅಕ್ವೇರಿಯಂ ಲೈಟ್ ಎಷ್ಟು ಹೊತ್ತು ಉರಿಯಬೇಕು?

ಬಣ್ಣದ ಮೀನು ಸಾಕುವ ನಾವು ನೀರು, ಮೇವು, ಔಷಧಿ ಅಂತ ತಲೆ ಕೆಡಿಸಿಕೊಳ್ತೀವಿ. ಲೈಟಿನ ಸ್ವಿಚ್ ಬಗ್ಗೆ ಯೋಚಿಸೋರು ಕಡಿಮೆ. ನಾನೂ ಯೋಚಿಸಿರಲಿಲ್ಲ. ಅದಕ್ಕೆ ಮೂರು ಜೋಡಿ ಏಂಜಲ್ ತಳಿ ಮೀನು ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದು ಅಂತ ಈ ವಾರ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪು

ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ 12 ಗಾಜಿನ ಟ್ಯಾಂಕ್ ಇಟ್ಟು ಶುರು ಮಾಡಿದ್ದೆ. ಅದಕ್ಕೂ ಮುಂಚೆ ಎರಡು ವರ್ಷ ಬ್ರಾಯ್ಲರ್ ಕೋಳಿ ಸಾಕಿದ್ದೆ. ಕೋಳಿಮರಿ ಬಂದ ಮೊದಲ ದಿನಗಳಲ್ಲಿ ರಾತ್ರಿಯೂ ಬಲ್ಬ್ ಉರಿಯುತ್ತಿರುತ್ತೆ, ಮರಿ ತಿನ್ನುತ್ತಿರುತ್ತೆ. ಮೀನಿಗೂ ಅದೇ ಲೆಕ್ಕ ಹಾಕಿದೆ. ಹಗಲು ರಾತ್ರಿ ಎಲ್‌ಇಡಿ ಟ್ಯೂಬ್ ಉರಿಸಿ, ರಾತ್ರಿ 11 ಗಂಟೆಗೂ ಒಂದು ಸಲ ಮೇವು ಹಾಕುತ್ತಿದ್ದೆ.

ಮೊದಲ ವಾರ ಎಲ್ಲ ಚೆನ್ನಾಗಿಯೇ ಕಂಡಿತು. ಆಮೇಲೆ ಗಾಜಿನ ಮೇಲೆಲ್ಲ ಪಾಚಿ. ಏಂಜಲ್ ಜೋಡಿಗಳು ಮೂಲೆ ಸೇರಿ ರೆಕ್ಕೆ ಮುದುಡಿಕೊಂಡವು. ಮೊಟ್ಟೆ ಇಟ್ಟರೂ ತಾವೇ ತಿಂದು ಹಾಕಿದವು. ನಮ್ಮ ಹಾಸನದ ಕಡೆ ನವೆಂಬರ್ ಚಳಿ ಬಿದ್ದ ಕೂಡಲೇ ಬಿಳಿ ಚುಕ್ಕೆ ರೋಗ ಬಂತು. ಔಷಧಿ ಹಾಕಿದೆ, ನೀರು ಬದಲಿಸಿದೆ, ಹೋದ ರೋಗ ಮತ್ತೆ ಬಂತು.

ಒಂದು ರಾತ್ರಿ ಹಸು ಈಯೋ ಹೊತ್ತು ಅಂತ ಎದ್ದು ಬಂದ ಅವ್ವ ಶೆಡ್ ಒಳಗೆ ಇಣುಕಿದಳು. "ಇವಕ್ಕೆ ನಿದ್ದೆ ಬ್ಯಾಡ್ವೇನೋ? ನಿನ್ನ ಮುಖದ ಮೇಲೆ ಹಿಂಗೆ ದೀಪ ಹಾಕಿದ್ರೆ ಮಲಗ್ತೀಯಾ?" ಅಂದಳು. "ಮೀನಿಗೆ ರೆಪ್ಪೇನೇ ಇಲ್ಲವಲ್ಲ, ಅದಕ್ಕೆಂಥ ನಿದ್ದೆ ಅವ್ವ" ಅಂತ ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದಾಗ ಅವಳ ಮಾತೇ ಸರಿ ಅಂತ ಗೊತ್ತಾಯಿತು.

ಮೀನು ನಿಜವಾಗಿ ಮಲಗುತ್ತಾ?

ಮಲಗುತ್ತೆ. ನಮ್ಮ ಭಾರತದ ಹಳ್ಳತೊರೆಗಳಲ್ಲೇ ಇರುವ ಜೀಬ್ರಾ ಡಾನಿಯೋ ಮೀನಿನ ಮೇಲೆ ವಿಜ್ಞಾನಿಗಳು ಬಹಳ ಕೆಲಸ ಮಾಡಿದ್ದಾರೆ. ಕತ್ತಲಾದ ಮೇಲೆ ಅದು ಅಲುಗಾಡದೆ ನಿಲ್ಲುತ್ತದೆ, ಎಚ್ಚರಿಸಲು ಹಗಲಿಗಿಂತ ಜೋರಾಗಿ ಕೆಣಕಬೇಕು. ಕತ್ತಲೆಯಲ್ಲಿ ನಿದ್ದೆ ಕೆಡಿಸಿದರೆ, ಆಮೇಲೆ ಹೆಚ್ಚು ಹೊತ್ತು ಮಲಗಿ ಆ ಬಾಕಿ ತೀರಿಸಿಕೊಳ್ಳುತ್ತದೆ. ಆದರೆ ಸತತ ಬೆಳಕಿಗೆ ಹಾಕಿದರೆ ಮೊದಲ ದಿನಗಳಲ್ಲಿ ನಿದ್ದೆ ಬಹುಪಾಲು ನಿಂತೇಹೋಗುತ್ತದೆ.

ಕಾರಣ ತಲೆಯೊಳಗಿದೆ. ಮೀನಿನ ಮಿದುಳಿನ ಮೇಲ್ಭಾಗದಲ್ಲಿ ಪೀನಿಯಲ್ ಅನ್ನೋ ಗ್ರಂಥಿ ಇದೆ. ಅದು ಬೆಳಕನ್ನು ತಾನೇ ನೇರವಾಗಿ ಗುರುತಿಸುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನ್ ಬಿಡುತ್ತದೆ, ಅದು ದೇಹಕ್ಕೆ "ರಾತ್ರಿಯಾಯ್ತು" ಅಂತ ಹೇಳುವ ಸುದ್ದಿ. ಲೈಟ್ ಉರಿಯುತ್ತಿದ್ದರೆ ಆ ಸುದ್ದಿ ತಲುಪುವುದಿಲ್ಲ. ನೆಮ್ಮದಿಯಿಲ್ಲದ ಸ್ಥಿತಿ ಹೀಗೇ ಮುಂದುವರಿದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಬಿಳಿ ಚುಕ್ಕೆಯಂಥ ರೋಗ ಕಾಯುತ್ತಿರುವುದೇ ಅದಕ್ಕೆ.

ಜೊತೆಗೆ ನಾನು ನಡುರಾತ್ರಿ ಹಾಕಿದ ಮೇವು ತಳದಲ್ಲಿ ಉಳಿದು ಕೊಳೆತು ಅಮೋನಿಯಾ ಹೆಚ್ಚಿಸಿತು. ಅಂದರೆ ಹೊಡೆತ ಎರಡು ಕಡೆಯಿಂದ ಬಿತ್ತು.

"ಬೆಳಕು ಹೆಚ್ಚಿದ್ರೆ ಮರಿ ಬೇಗ ಬೆಳೆಯುತ್ತಲ್ಲ?" ಅಂತ ನೀವು ಕೇಳಬಹುದು. ಕೆಲವು ತಿನ್ನುವ ಮೀನುಗಳ ಹ್ಯಾಚರಿಗಳಲ್ಲಿ ತೀರಾ ಚಿಕ್ಕ ಮರಿಗಳಿಗೆ ಹೆಚ್ಚು ಹೊತ್ತು ಬೆಳಕು ಕೊಡುವುದುಂಟು, ಯಾಕಂದ್ರೆ ಅವು ಕಣ್ಣಿಗೆ ಕಂಡದ್ದನ್ನು ಹಿಡಿದು ತಿನ್ನುತ್ತವೆ. ಅದು ಆ ಜಾತಿಗೆ, ಆ ವಯಸ್ಸಿಗೆ ಮಾತ್ರ. ತಳಿ ಮೀನಿಗೆ ಆ ಲೆಕ್ಕ ಹಾಕಬೇಡಿ.

ಹಾಗಾದರೆ ಎಷ್ಟು ಹೊತ್ತು?

ನಾವು ಸಾಕುವ ಏಂಜಲ್, ಗಪ್ಪಿ, ಮೊಲ್ಲಿ, ಟೆಟ್ರಾ ಹೆಚ್ಚಾಗಿ ಬಿಸಿ ನಾಡಿನ ಮೀನುಗಳು. ಅಲ್ಲಿ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಮ್ಮಿ 12 ಗಂಟೆ ಇರುತ್ತವೆ. ಈಗ ನನ್ನ ಶೆಡ್‌ನ ವೇಳಾಪಟ್ಟಿ ಹೀಗಿದೆ:

- ಬೆಳಿಗ್ಗೆ 6.30: ಕಿಟಕಿ ಪರದೆ ಸರಿಸುತ್ತೇನೆ, ಮಂದ ಬೆಳಕು ಮಾತ್ರ.
- 8.00: ಟ್ಯಾಂಕ್ ಲೈಟ್ ಆನ್. ಅರ್ಧ ಗಂಟೆ ಬಿಟ್ಟು ಮೊದಲ ಮೇವು.
- ಸಂಜೆ 5.00: ಕೊನೆಯ ಮೇವು.
- 6.00: ಟ್ಯಾಂಕ್ ಲೈಟ್ ಆಫ್. ಶೆಡ್‌ನ ಚಿಕ್ಕ ಬಲ್ಬ್ ಇನ್ನರ್ಧ ಗಂಟೆ.
- 6.30ರ ನಂತರ: ಪೂರ್ತಿ ಕತ್ತಲೆ.

ಜೀವಂತ ಗಿಡ ಇರುವ ಟ್ಯಾಂಕ್‌ನಲ್ಲಿ ಪಾಚಿ ಹೆಚ್ಚಾದರೆ ಲೈಟನ್ನು 8 ಗಂಟೆಗೆ ಇಳಿಸಿ ನೋಡಿ. ಮನೆಯ ಹಾಲ್‌ನಲ್ಲಿ ಟ್ಯಾಂಕ್ ಇದ್ದು ರಾತ್ರಿ 10ರವರೆಗೆ ದೀಪ, ಟಿವಿ ಇರುತ್ತಾ? ಹಾಗಿದ್ದರೆ 10ಕ್ಕೆ ಆರಿಸಿ, ಟ್ಯಾಂಕಿಗೆ ಬಟ್ಟೆ ಹೊದಿಸಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಕನಿಷ್ಠ 10 ಗಂಟೆ ಕತ್ತಲೆ ಸಿಗಲಿ. ದಿನಾ ಅದೇ ಹೊತ್ತು ಇರಲಿ.

ಇವನ್ನು ಮರೆಯಬೇಡಿ

- ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ. ತಿರುಗಿಸುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಹಳ್ಳಿಯಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟ್ ಹೋದರೆ ವಾರದಲ್ಲಿ ನಿಮ್ಮ ವೇಳಾಪಟ್ಟಿ 14 ಗಂಟೆ ಹಿಂದೆ ಬೀಳುತ್ತೆ! ಟೈಮರ್ ಇಲ್ಲದಿದ್ದರೆ ಮೊಬೈಲ್‌ನಲ್ಲಿ ಎರಡು ಅಲಾರಾಂ ಸಾಕು.
- ಗಾಳಿ ಪಂಪನ್ನು ಟೈಮರ್‌ಗೆ ಹಾಕಲೇಬೇಡಿ. ಕತ್ತಲೆಯಲ್ಲಿ ಗಿಡ, ಪಾಚಿ ಕೂಡ ಆಮ್ಲಜನಕ ಎಳೆದುಕೊಳ್ಳುತ್ತವೆ. ರಾತ್ರಿ ಪಂಪ್ ನಿಂತರೆ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ.
- ಕತ್ತಲೆಯಲ್ಲಿ ದಿಢೀರನೆ ದೊಡ್ಡ ಲೈಟ್ ಹಾಕಬೇಡಿ. ಮೀನು ಬೆದರಿ ಗಾಜಿಗೆ ಗುದ್ದುತ್ತವೆ, ಹೊರಗೂ ಹಾರುತ್ತವೆ. ಮೊಬೈಲ್ ಟಾರ್ಚ್ ಕೂಡ ಬೇಡ.
- ರಾತ್ರಿ ಮೀನಿನ ಬಣ್ಣ ಮಾಸಿದಂತೆ ಕಂಡರೆ ಗಾಬರಿಯಾಗಿ ಔಷಧಿ ಹಾಕಬೇಡಿ. ನಿಯಾನ್ ಟೆಟ್ರಾ ಮಲಗಿದಾಗ ಮಂಕಾಗುವುದು ಸಹಜ, ಬೆಳಕು ಬಂದ ಮೇಲೆ ಬಣ್ಣ ಮರಳುತ್ತದೆ.
- ತಳದಲ್ಲಿರುವ ಕ್ಯಾಟ್‌ಫಿಶ್‌ಗಳಲ್ಲಿ ಹಲವು ರಾತ್ರಿ ಓಡಾಡುವಂಥವು. ಅವಕ್ಕೆ ಲೈಟ್ ಆರಿಸಿದ ಮೇಲೆ ಸ್ವಲ್ಪ ಮೇವು ಹಾಕಿ.

ಕೊನೆಗೆ

ಲೈಟ್ ಒಂದನ್ನು ಸರಿಮಾಡಿದ್ದಕ್ಕೇ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ರಾತ್ರಿ ಮೇವು ನಿಲ್ಲಿಸಿದೆ, ಚಳಿಗೆ ಹೀಟರ್ ಹಾಕಿದೆ, ಅವೂ ಕೆಲಸ ಮಾಡಿದವು. ಸತ್ತ ಮೂರು ಜೋಡಿ ತಿರುಗಿ ಬರಲಿಲ್ಲ. ಆದರೆ ಉಳಿದ ಒಂದು ಜೋಡಿ ಎರಡು ತಿಂಗಳ ನಂತರ ಮೊಟ್ಟೆ ಇಟ್ಟು, ತಿನ್ನದೆ, ರೆಕ್ಕೆ ಬೀಸುತ್ತಾ ಕಾವಲು ನಿಂತಿತು. ಅವ್ವನನ್ನು ಕರೆದು ತೋರಿಸಿದೆ. "ಮೊದ್ಲು ಆ ಲೈಟ್ ಆರಿಸು, ಹೊತ್ತಾಯ್ತು" ಅಂದಳು.

ಇವತ್ತು ಒಂದೇ ಕೆಲಸ ಮಾಡಿ: ನಿಮ್ಮ ಟ್ಯಾಂಕ್ ಲೈಟ್ ಎಷ್ಟು ಗಂಟೆಗೆ ಆನ್ ಆಗುತ್ತೆ, ಎಷ್ಟಕ್ಕೆ ಆಫ್ ಆಗುತ್ತೆ ಅಂತ ಒಂದು ವಾರ ಮೊಬೈಲ್‌ನಲ್ಲಿ ಬರೆದಿಡಿ. 10 ಗಂಟೆಗಿಂತ ಕಡಿಮೆ ಕತ್ತಲೆ ಸಿಗುತ್ತಿದ್ದರೆ, ಔಷಧಿ ಅಂಗಡಿಗೆ ಹೋಗುವ ಮುಂಚೆ ಸ್ವಿಚ್ ಕಡೆ ಹೋಗಿ.