‘ಕಲೆಕ್ಟ್’ ಬಳಸುವವರಿಗೆ ಮೇಷ್ಟ್ರ ಕಿವಿಮಾತು

ಚೀಟಿ ದುಡ್ಡಿನ ಕಲೆಕ್ಷನ್, ಸಿನಿಮಾದ ಮೊದಲ ವಾರದ ಕಲೆಕ್ಷನ್, ಸೀರೆ ಅಂಗಡಿಯ ಹಬ್ಬದ ಕಲೆಕ್ಷನ್. ಈ ಮಾತು ನಮ್ಮಲ್ಲಿ ಯಾರ ಬಾಯಲ್ಲಿಲ್ಲ ಹೇಳು? ಆದರೆ ಇಂಗ್ಲಿಷ್ ವಾಕ್ಯ ಬರೆಯಲು ಕೂತಾಗ ಇದೇ ‘ಕಲೆಕ್ಟ್’ ಕೈಕೊಡುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿ ಈಗ ಪರೀಕ್ಷೆ, ಇಂಟರ್‌ವ್ಯೂ ಅಂತ ಓಡಾಡುತ್ತಿರುವ ಮಕ್ಕಳಿಗೆ ಇಂಗ್ಲಿಷ್ ಮೇಷ್ಟ್ರಾಗಿದ್ದವನು ಹೇಳುವ ನಾಲ್ಕು ಮಾತು ಇವು.

• ‘ಮಾಡು’ ಬಿಟ್ಟುಬಿಡು. ನಾವು ‘ಕಲೆಕ್ಟ್ ಮಾಡಿದ’, ‘ಕಲೆಕ್ಷನ್ ಮಾಡಿದ’ ಅನ್ನುತ್ತೇವೆ, ಕನ್ನಡಕ್ಕೆ ಅದು ಸರಿ. ಇಂಗ್ಲಿಷಿನಲ್ಲಿ ‘ಹಿ ಡಿಡ್ ಕಲೆಕ್ಷನ್’ ಎಂದು ಬರೆಯಬೇಡ. ‘ಹಿ ಕಲೆಕ್ಟೆಡ್ ದಿ ಮನಿ’ ಎಂದರೆ ಮುಗಿಯಿತು.

• ಯಾರಿಂದ ಎಂಬುದಕ್ಕೆ ‘ಫ್ರಮ್’, ಯಾತಕ್ಕಾಗಿ ಎಂಬುದಕ್ಕೆ ‘ಫಾರ್’. ‘ಅವರ ಹತ್ತಿರ ದುಡ್ಡು ಕಲೆಕ್ಟ್ ಮಾಡಿದೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಐ ಕಲೆಕ್ಟೆಡ್ ಮನಿ ನಿಯರ್ ಹಿಮ್’ ಎಂದು ಬರೆದವರನ್ನು ಬೇಕಾದಷ್ಟು ನೋಡಿದ್ದೇನೆ. ಆ ‘ನಿಯರ್’ ಓದಿದ ಇಂಗ್ಲಿಷಿನವನು, ನೀನು ಅವನ ಪಕ್ಕದಲ್ಲಿ ನಿಂತು ಬೇರೆ ಯಾರಿಂದಲೋ ದುಡ್ಡು ಎತ್ತಿದೆ ಅಂದುಕೊಳ್ಳುತ್ತಾನೆ. ‘ವಿ ಕಲೆಕ್ಟೆಡ್ ಮನಿ ಫ್ರಮ್ ದಿ ವಿಲೇಜರ್ಸ್ ಫಾರ್ ದಿ ಫೆಸ್ಟಿವಲ್’: ಊರವರಿಂದ, ಹಬ್ಬಕ್ಕೆ. ಎರಡೂ ಒಂದೇ ವಾಕ್ಯದಲ್ಲಿವೆ, ಇದನ್ನು ಬಾಯಿಪಾಠ ಮಾಡಿಬಿಡು.

• ಇನ್ನು ಎಲ್ಲಕ್ಕಿಂತ ದೊಡ್ಡ ತೊಡಕು. ಕನ್ನಡದಲ್ಲಿ ‘ಸೇರು’ ಬೇರೆ, ‘ಸೇರಿಸು’ ಬೇರೆ. ‘ಕೂಡು’ ಬೇರೆ, ‘ಕೂಡಿಸು’ ಬೇರೆ. ತಾನಾಗಿ ಆದದ್ದೋ ಯಾರಾದರೂ ಮಾಡಿದ್ದೋ ಎಂಬುದು ಕ್ರಿಯಾಪದದ ಬಾಲದಲ್ಲೇ ತಿಳಿದುಹೋಗುತ್ತದೆ. ಇಂಗ್ಲಿಷಿನ ‘ಕಲೆಕ್ಟ್’ಗೆ ಅಂಥ ಬಾಲವಿಲ್ಲ, ಎರಡಕ್ಕೂ ಅದೇ ಪದ. ಹಾಗಾಗಿ ರಸ್ತೆಗುಂಡಿಯಲ್ಲಿ ನೀರು ನಿಂತಿದೆ ಎನ್ನಲು ನಮ್ಮ ಹುಡುಗರು ‘ವಾಟರ್ ಈಸ್ ಕಲೆಕ್ಟೆಡ್ ಇನ್ ದಿ ಪಾಟ್‌ಹೋಲ್’ ಎಂದು ಬರೆಯುತ್ತಾರೆ. ಪಂಚಾಯಿತಿಯವರು ಬೇಕೆಂದೇ ಗುಂಡಿ ತೋಡಿ ನೀರು ಹಿಡಿದಿಟ್ಟ ಹಾಗಾಯಿತು! ‘ವಾಟರ್ ಕಲೆಕ್ಟ್ಸ್ ಇನ್ ದಿ ಪಾಟ್‌ಹೋಲ್’ ಅನ್ನು. ಕಪಾಟಿನ ಮೇಲೆ ಧೂಳು ಕೂತರೆ ‘ಡಸ್ಟ್ ಕಲೆಕ್ಟ್ಸ್ ಆನ್ ದಿ ಶೆಲ್ಫ್’. ಇಲ್ಲಿ ಮಾಡುವವರು ಯಾರೂ ಇಲ್ಲ. ಚಾವಣಿಯ ಮಳೆನೀರನ್ನು ಪೈಪು ಹಾಕಿ ತೊಟ್ಟಿಗೆ ಬಿಟ್ಟಿದ್ದರೆ ಮಾತ್ರ ‘ರೇನ್‌ವಾಟರ್ ಈಸ್ ಕಲೆಕ್ಟೆಡ್ ಇನ್ ದಿ ಟ್ಯಾಂಕ್’. ಹಳ್ಳಿಯ ಹಾಲಿನ ಡೇರಿ ಬಗ್ಗೆ ಬರೆಯುವಾಗಲೂ ಹಾಗೆಯೇ, ‘ಮಿಲ್ಕ್ ಈಸ್ ಕಲೆಕ್ಟೆಡ್ ಟ್ವೈಸ್ ಎ ಡೇ’. ಪೆನ್ನು ಹಿಡಿಯುವ ಮೊದಲು, ಈ ಕೆಲಸದ ಹಿಂದೆ ಯಾರದಾದರೂ ಕೈ ಇದೆಯೇ ಎಂದು ಕೇಳಿಕೋ.

• ಹವ್ಯಾಸ ಕೇಳಿದರೆ ‘ಐ ಆಮ್ ಕಲೆಕ್ಟಿಂಗ್ ಕಾಯಿನ್ಸ್’ ಎನ್ನಬೇಡ. ‘ಐ ಕಲೆಕ್ಟ್ ಕಾಯಿನ್ಸ್’ ಸಾಕು. ಎಷ್ಟು ಕಾಲದಿಂದ ಎಂದು ಸೇರಿಸುವುದಾದರೆ ‘ಐ ಹ್ಯಾವ್ ಬೀನ್ ಕಲೆಕ್ಟಿಂಗ್ ಕಾಯಿನ್ಸ್ ಸಿನ್ಸ್ 2015’. ‘ಆಮ್’ ಜೊತೆ ‘ಸಿನ್ಸ್’ ಕೂಡಿಬರುವುದಿಲ್ಲ.

• ‘ಇನ್‌ಫರ್ಮೇಷನ್ಸ್’ ಎಂಬ ಪದವಿಲ್ಲ. ‘ಕಲೆಕ್ಟ್ ಇನ್‌ಫರ್ಮೇಷನ್’ ಅಷ್ಟೇ. ‘ಕಲೆಕ್ಟ್ ಟುಗೆದರ್’ ಕೂಡ ಬೇಡ, ಕೂಡಿಸುವುದು ಒಳಗೇ ಇದೆ.

• ಹತ್ತಿರದ ಪದಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯಬೇಡ, ಒಂದು ಕಥೆಯೊಳಗೆ ಇಟ್ಟು ಕಲಿ. ನಾನಾಗಿದ್ದರೆ ಪಿಗ್ಮಿ ಕಥೆ ಹಿಡಿಯುತ್ತೇನೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಆಗುತ್ತಿತ್ತು, ಏಜೆಂಟನೇ ಮನೆಬಾಗಿಲಿಗೆ ಬರುತ್ತಿದ್ದ. ಈಗ ನೋಡು. ಏಜೆಂಟ್ ಮಾಡಿದ್ದು ‘ಕಲೆಕ್ಟ್’: ‘ದಿ ಏಜೆಂಟ್ ಕಲೆಕ್ಟೆಡ್ ಟೂ ಆನಾಸ್ ಫ್ರಮ್ ಈಚ್ ಹೌಸ್.’ ಎರಡಾಣೆ ಕೊಟ್ಟ ಅಂಗಡಿಯವ ಮಾಡಿದ್ದು ‘ಸೇವ್’: ‘ದಿ ಶಾಪ್‌ಕೀಪರ್ ಸೇವ್ಡ್ ಟೂ ಆನಾಸ್ ಎ ಡೇ.’ ಅವನ ಖಾತೆಯಲ್ಲಿ ದುಡ್ಡು ಮೆಲ್ಲಗೆ ಬೆಳೆದದ್ದು ‘ಅಕ್ಯುಮ್ಯುಲೇಟ್’: ‘ದಿ ಮನಿ ಅಕ್ಯುಮ್ಯುಲೇಟೆಡ್ ಇನ್ ಹಿಸ್ ಅಕೌಂಟ್.’ ಅದೇ ಆಣೆಗಳನ್ನು ಯಾರಿಗೂ ಹೇಳದೆ ಮಡಕೆಯಲ್ಲಿ ಹೂತಿಟ್ಟಿದ್ದರೆ ‘ಹೋರ್ಡ್’. ಈ ಕೊನೆಯದರಲ್ಲಿ ಸ್ವಲ್ಪ ಬೈಗುಳವೂ ಇದೆ. ಕಾಳಸಂತೆಯವರ ದಾಸ್ತಾನಿಗೆ ಅದನ್ನು ಬಳಸುತ್ತಾರೆ, ಅಜ್ಜಿಯ ಸಾಸಿವೆ ಡಬ್ಬಿಯ ದುಡ್ಡಿಗೆ ಅದು ಬೇಡ.

• ‘ಗ್ಯಾದರ್’ ವಿಷಯ ಚುಟುಕಾಗಿ ಹೇಳುತ್ತೇನೆ. ಜನ ಸೇರಿದರೆ ‘ಕಲೆಕ್ಟ್’ಗಿಂತ ‘ಗ್ಯಾದರ್’ ಚೆಂದ. ಸೌದೆ ಆಯುವುದಕ್ಕೂ ಅದೇ. ಯಾರಾದರೂ ‘ಐ ಗ್ಯಾದರ್ ಯು ಆರ್ ಲೀವಿಂಗ್’ ಎಂದರೆ ಏನನ್ನೋ ಆಯುತ್ತಿದ್ದಾರೆಂದು ತಿಳಿಯಬೇಡ. ನೀನು ಹೊರಟಿರುವ ಸುದ್ದಿ ಅವರ ಕಿವಿಗೆ ಬಿದ್ದಿದೆ ಎಂದರ್ಥ.

• ‘ಕಲೆಕ್ಟ್’ ಎಂದೊಡನೆ ‘ಸಂಗ್ರಹಿಸು’ ಎಂದೇ ಅರ್ಥ ಮಾಡಬೇಡ. ಬಾಡಿಗೆ, ಫೀಸು, ತೆರಿಗೆ ಜೊತೆಗೆ ಬಂದರೆ ಅದು ವಸೂಲಿ. ಕಲೆಕ್ಟರ್ ಎಂಬ ಹುದ್ದೆ ಹುಟ್ಟಿದ್ದೇ ಅಲ್ಲಿಂದ. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, 1772ರಲ್ಲಿ, ಬಂಗಾಳದ ಕಂದಾಯ ವಸೂಲಿಗೆಂದು ನೇಮಿಸಿದವರಿಗೆ ಆ ಹೆಸರು ಬಂತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1824ರಲ್ಲಿ ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರ್. ಇಂದು ನಮ್ಮ ಜಿಲ್ಲಾಧಿಕಾರಿಯನ್ನು ‘ಡಿಸಿ’ ಎನ್ನುತ್ತೇವೆ. ಪಕ್ಕದ ತಮಿಳುನಾಡಿನಲ್ಲಿ ಇನ್ನೂ ಕಲೆಕ್ಟರೇ.

• ಶಾಲೆಯಿಂದ ಮಗುವನ್ನು ಕರೆತರುವುದಕ್ಕೂ ಅಂಚೆ ಕಚೇರಿಯಿಂದ ಪಾರ್ಸೆಲನ್ನು ತರುವುದಕ್ಕೂ ಬ್ರಿಟಿಷರು ‘ಕಲೆಕ್ಟ್’ ಎನ್ನುತ್ತಾರೆ, ನಾವೂ ಅದನ್ನೇ ಕಲಿತಿದ್ದೇವೆ. ಅಮೆರಿಕದಲ್ಲಿರುವ ಅಕ್ಕನಿಗೋ ಭಾವನಿಗೋ ಮೆಸೇಜು ಹಾಕುವಾಗ ‘ಪಿಕ್ ಅಪ್’ ಅನ್ನು, ಅಲ್ಲಿ ಅದೇ ವಾಡಿಕೆ.

• ಪುಸ್ತಕದ ಅಂಗಡಿಯಲ್ಲಿ ಎಚ್ಚರ. ‘ಕಲೆಕ್ಟೆಡ್’ ಎಂದರೆ ಸಮಗ್ರ, ‘ಸೆಲೆಕ್ಟೆಡ್’ ಎಂದರೆ ಆಯ್ದದ್ದು. ಮೈಸೂರಿನ ಎ.ಕೆ. ರಾಮಾನುಜನ್ ಅವರ ‘ಸೆಲೆಕ್ಟೆಡ್ ಪೊಯಮ್ಸ್’ 1976ರದು. ‘ಕಲೆಕ್ಟೆಡ್ ಪೊಯಮ್ಸ್’ ಬಂದದ್ದು ಅವರು ತೀರಿಕೊಂಡ ಮೇಲೆ, 1995ರಲ್ಲಿ. ಒಂದಕ್ಷರ ನೋಡದೆ ತಂದರೆ ತೆಳ್ಳನೆಯ ಪುಸ್ತಕ ಮನೆಗೆ ಬರುತ್ತದೆ. ಮನುಷ್ಯರನ್ನೂ ‘ಕಲೆಕ್ಟೆಡ್’ ಎನ್ನುವುದುಂಟು, ಗಾಬರಿ ಬೀಳದವರು ಎಂಬ ಅರ್ಥದಲ್ಲಿ. ಇಂಟರ್‌ವ್ಯೂನಲ್ಲಿ ತಡವರಿಸಿದರೆ ‘ಲೆಟ್ ಮಿ ಕಲೆಕ್ಟ್ ಮೈ ಥಾಟ್ಸ್’ ಎಂದು ಅರೆಕ್ಷಣ ಕೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

• ಗೈಡಿನಲ್ಲಿರುವ ವಾಕ್ಯಗಳನ್ನು ನಕಲು ಮಾಡಬೇಡ. ಅವು ನಿನ್ನ ನಾಲಿಗೆಗೆ ಹತ್ತುವುದಿಲ್ಲ. ನಿಮ್ಮ ಬೀದಿಯ ಕಸದ ಗಾಡಿ, ರೇಷನ್ ಅಂಗಡಿ, ಅಮ್ಮನ ಸ್ವಸಹಾಯ ಸಂಘ, ಮೀಟರ್ ಓದಲು ಬರುವವನು ಇವರನ್ನು ಹಿಡಿದು ದಿನಕ್ಕೆರಡು ವಾಕ್ಯ ಬರೆ. ಬರೆದದ್ದನ್ನು ಇಂಗ್ಲಿಷ್ ಬಲ್ಲವರೊಬ್ಬರಿಗೆ ತೋರಿಸು. ನಾಚಿಕೆ ಪಟ್ಟುಕೊಂಡು ಪುಸ್ತಕ ಮುಚ್ಚಿಡಬೇಡ.